ಅಮ್ಮನ ಪಾಸ್‌ಬುಕ್ಕಿನಿಂದ ಶುರುಮಾಡೋಣ

ದ್ವಿತೀಯ ಪಿಯುಸಿಯ ವಾಣಿಜ್ಯ ವಿಭಾಗದ ಮಕ್ಕಳು ಜರ್ನಲ್, ಲೆಡ್ಜರ್ ಎಲ್ಲವನ್ನೂ ತಪ್ಪಿಲ್ಲದೆ ಬರೆಯುತ್ತಾರೆ. ಅದೇ ಮಕ್ಕಳ ಕೈಗೆ ಮನೆಯ ಪಾಸ್‌ಬುಕ್ ಕೊಟ್ಟರೆ ತಡವರಿಸುತ್ತಾರೆ. ನಮ್ಮ ತಾಲ್ಲೂಕಿನ ಕಾಲೇಜಿಗೆ ಶನಿವಾರ ಹಣಕಾಸಿನ ಪಾಠಕ್ಕೆ ಹೋಗುವ ನಾನು ಷೇರು, ಮ್ಯೂಚುವಲ್ ಫಂಡುಗಳ ಮಾತನ್ನು ಮೊದಲಿಗೆ ಎತ್ತುವುದೇ ಇಲ್ಲ. ‘ಅಮ್ಮನನ್ನು ಕೇಳಿ ಪಾಸ್‌ಬುಕ್ ತನ್ನಿ, ಉಳಿಕೆ ಎಷ್ಟಿದೆ ಅಂತ ಯಾರಿಗೂ ತೋರಿಸಬೇಡಿ’ ಎನ್ನುತ್ತೇನೆ.

ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ಸಾಲನ್ನು ಎಲ್ಲರೂ ಗುರುತಿಸುತ್ತಾರೆ. ವರ್ಷಕ್ಕೊಮ್ಮೆ 436 ರೂಪಾಯಿ, 20 ರೂಪಾಯಿ ಕಡಿತವಾಗಿರುವುದು ಏಕೆಂದು ಕೇಳಿದರೆ, ‘ಬ್ಯಾಂಕಿನವರು ಹಿಡ್ಕೊಂಡಿದಾರೆ ಸಾರ್’ ಎಂಬ ಉತ್ತರ. 436 ಜೀವನ್ ಜ್ಯೋತಿ ವಿಮೆಯ ಕಂತು, 20 ಸುರಕ್ಷಾ ಅಪಘಾತ ವಿಮೆಯದು. ಖಾತೆದಾರರು ತೀರಿಕೊಂಡರೆ ಮೊದಲನೆಯದರಿಂದ 2 ಲಕ್ಷ. ಸಾವು ಅಪಘಾತದಿಂದಾಗಿದ್ದರೆ ಎರಡನೆಯದರಿಂದ ಮತ್ತೆ 2 ಲಕ್ಷ. ವಿಮೆ ಇದೆಯೆಂಬುದೇ ತಿಳಿಯದ ಮನೆಯವರು ಆ ಹಣವನ್ನು ಕೇಳುವುದಾದರೂ ಹೇಗೆ? ಒಬ್ಬ ಹುಡುಗಿ ಶಾಖೆಗೆ ಹೋಗಿ ವಿಚಾರಿಸಿದಾಗ, ಅವಳಮ್ಮನ ಖಾತೆಯ ನಾಮಿನಿ ಎಂದೋ ತೀರಿಹೋಗಿದ್ದ ಅಜ್ಜಿ ಎಂದು ತಿಳಿಯಿತು. ಅಂದೇ ಫಾರಂ ತುಂಬಿಸಿ ಹೆಸರು ಬದಲಾಯಿಸಿದಳು. ಓದು ಬಾರದ ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ಕಾಗದ ಓದಿ ಹೇಳುವವರು ಈ ಮಕ್ಕಳೇ. ಅವರಿಗೆ ಕಲಿಸಿದ್ದು ಇಡೀ ಮನೆಗೆ ತಲುಪುತ್ತದೆ.

ಆಮೇಲೆ ಸಾಲದ ಲೆಕ್ಕ. ಮೊಬೈಲಿಗೆ 24,000 ರೂಪಾಯಿ ಸಾಲ, ‘12 ಪರ್ಸೆಂಟ್ ಫ್ಲಾಟ್’, ಒಂದು ವರ್ಷ. ಬಡ್ಡಿ 2,880, ತಿಂಗಳ ಕಂತು 2,240. ಬೋರ್ಡಿನ ಮೇಲೆ ತಿಂಗಳು ತಿಂಗಳಿಗೂ ಅಸಲು ಕರಗಿಸುತ್ತಾ ಹೋಗುತ್ತೇವೆ. ಕೊನೆಯ ಕಂತಿನ ಹೊತ್ತಿಗೆ ಬಾಕಿ ಎರಡು ಸಾವಿರದ ಆಸುಪಾಸು, ಆದರೂ ಬಡ್ಡಿ ಮಾತ್ರ ಪೂರ್ತಿ 24,000ಕ್ಕೇ! ಕರಗುವ ಬಾಕಿಗೆ ಲೆಕ್ಕ ಹಾಕಿದರೆ ದರ 21 ಪರ್ಸೆಂಟ್ ದಾಟುತ್ತದೆ. ತರಗತಿಯಲ್ಲಿ ಗುಸುಗುಸು ಶುರುವಾಗುವುದೇ ಆಗ. ಅಪ್ಪನ ಬೈಕಿನ ಸಾಲ, ಅಕ್ಕನ ಮದುವೆಯ ಸಾಲ ಎಲ್ಲವೂ ನೆನಪಿಗೆ ಬರುತ್ತವೆ. 2024ರ ಅಕ್ಟೋಬರ್‌ನಿಂದ ಬ್ಯಾಂಕು, ಹಣಕಾಸು ಕಂಪನಿಗಳು ಇಂಥ ಸಾಲಕ್ಕೆ ಶುಲ್ಕವೂ ಸೇರಿದ ನಿಜವಾದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ ಬರೆದು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಸಹಿಗೆ ಮುಂಚೆ ಅದನ್ನು ಕೇಳಿ ಓದಬೇಕು.

ಹಾಸ್ಟೆಲಿನ ಹುಡುಗರಿಗೆ ಇನ್ನೊಂದನ್ನು ಒತ್ತಿ ಹೇಳುತ್ತೇನೆ: ಕಮಿಷನ್ ಆಸೆಗೆ ಖಾತೆಯನ್ನೂ ಎಟಿಎಂ ಕಾರ್ಡನ್ನೂ ಯಾರಿಗೂ ಕೊಡಬೇಡಿ. ವಂಚನೆಯ ಹಣ ಅದರಲ್ಲಿ ಹಾದುಹೋದರೆ ಪೊಲೀಸರು ಮೊದಲು ಬರುವುದು ಖಾತೆದಾರನ ಬಳಿಗೆ. ವಿದ್ಯಾರ್ಥಿವೇತನ ಬರುವ ಖಾತೆಯೂ ಸ್ಥಗಿತವಾದೀತು. ವಂಚನೆಯಲ್ಲಿ ಹಣ ಕಳೆದುಕೊಂಡವರು ತಡಮಾಡದೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಈ ಪಾಠ ವಾಣಿಜ್ಯ ವಿಭಾಗಕ್ಕೇ ನಿಂತಿರುವುದು ನನಗೆ ಸರಿಕಾಣುವುದಿಲ್ಲ. ಎಲ್ಲರಿಗಿಂತ ಮೊದಲು ಸಂಬಳ ಎಣಿಸುವವರು ಐಟಿಐ, ಡಿಪ್ಲೊಮಾ ಮಕ್ಕಳು. ಪಿಎಫ್‌ಗೆ ಹಿಡಿಯುವ 12 ಪರ್ಸೆಂಟ್ ತಮ್ಮದೇ ಹಣ, ಕೆಲಸ ಬದಲಿಸಿದರೂ ಯುಎಎನ್ ಸಂಖ್ಯೆ ಅದೇ ಇರಬೇಕು ಎಂಬುದನ್ನು ಮೊದಲ ಕೆಲಸಕ್ಕೆ ಸೇರುವ ಮುನ್ನವೇ ಅವರಿಗೆ ಹೇಳಿಕೊಡಬೇಕು. ಜಿಲ್ಲೆಯ ಲೀಡ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರದವರು ಶಿಬಿರಗಳನ್ನು ನಡೆಸುತ್ತಾರೆ. ಪ್ರಾಂಶುಪಾಲರು ಪತ್ರ ಬರೆದು ಅವರನ್ನು ಕಾಲೇಜಿಗೇ ಕರೆಯಲಿ.