ಆಳ ಅಳೆದು ದಾರ ಕೊಳ್ಳಿ

ನಮ್ಮ ಕೆರೆ ಏರಿ ಮೇಲೆ ಕೂತು ಗಾಳ ಹಾಕುವವರಿಗೆ ದಾರದ ಚಿಂತೆ ಇರುವುದಿಲ್ಲ. ಎರೆಹುಳು, ಸೀಸದ ಗುಂಡು, ಒಂದು ಬೆಂಡು ಇದ್ದರಾಯಿತು. ಗುಂಡಿನ ಭಾರವೇ ದಾರವನ್ನು ನೀರಿಗೆ ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನ ಲೆಕ್ಕ ಇದಕ್ಕೆ ತಿರುಗುಮುರುಗು. ಕೊಕ್ಕೆಗೆ ನೂಲು, ಪುಕ್ಕ ಸುತ್ತಿ ಮಾಡಿದ ಹುಸಿಹುಳುವಿಗೆ ತೂಕವೇ ಇಲ್ಲ. ಅದನ್ನು ದೂರಕ್ಕೆ ಹೊತ್ತೊಯ್ಯುವುದು ದಪ್ಪನೆಯ ಫ್ಲೈ ಲೈನ್‌ನ ಭಾರ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಕಾಮ್‌ಲೂಪ್ಸ್ ಸುತ್ತಲಿನ ಸರೋವರಗಳ ಮಂಜುಗಡ್ಡೆ ಕರಗಿದ ಮೇಲೆ ರೇನ್‌ಬೋ ಟ್ರೌಟ್‌ಗೆ ಹಬ್ಬದೂಟವೆಂದರೆ ಮಿಡ್ಜ್. ನೋಡಲು ಸೊಳ್ಳೆಯಂತಿದ್ದರೂ ಕಚ್ಚದ ಕೀಟ. ಇದರ ಮರಿಹುಳು ಕೆಸರಿನಲ್ಲಿರುತ್ತದೆ. ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಎಷ್ಟೋ ಜಾತಿಗಳದು ಕೆಂಪು ಬಣ್ಣ. ಅದು ಪ್ಯೂಪಾ ಆಗಿ ತಳದಿಂದ ಮೆಲ್ಲನೆ ಮೇಲೇರುವಾಗ ಟ್ರೌಟ್ ಕಾದಿದ್ದು ನುಂಗುತ್ತದೆ. ಮೀನು ಕಾಯುವ ಆಳದಲ್ಲೇ ನಿಮ್ಮ ಹುಳುವೂ ನಿಲ್ಲಬೇಕು. ದಾರದ ಆಯ್ಕೆ ಎಂದರೆ ಇಷ್ಟೇ.

1. ಮೊದಲು ಆಳ ನೋಡಿ
ದೋಣಿಗೆ ಹಿಂದೊಂದು ಮುಂದೊಂದು ಲಂಗರು ಹಾಕಿ, ಅಲುಗದಂತೆ ನಿಲ್ಲಿಸಿ. ಕೊಕ್ಕೆಗೆ ಒಂದು ಚಿಮಟ ಕಚ್ಚಿಸಿ ನೀರಿಗೆ ಇಳಿಬಿಡಿ. ಚಿಮಟ ತಳ ಮುಟ್ಟಿದ ಕೂಡಲೇ ದಾರ ಸಡಿಲವಾಗುತ್ತದೆ. ಅಲ್ಲಿಂದ ಒಂದಡಿ ಮೇಲೆತ್ತಿ, ನೀರಿನ ಮಟ್ಟದಲ್ಲಿ ದಾರಕ್ಕೆ ಬೆಂಡು ಸಿಕ್ಕಿಸಿ. ಚಿಮಟ ಬಿಚ್ಚಿಟ್ಟು ದಾರ ಎಸೆದರೆ ಹುಳು ತಳದಿಂದ ಒಂದಡಿ ಮೇಲೆ ತೂಗುತ್ತದೆ.

2. ಡಬ್ಬಿಯ ಸಂಕೇತ ಓದಿ
‘ಡಬ್ಲ್ಯುಎಫ್-6-ಎಫ್’ ಎಂದಿದ್ದರೆ ಮುಂಭಾಗ ಭಾರ, 6ನೇ ನಂಬರು, ತೇಲುವ ದಾರ ಎಂದರ್ಥ. 6ನೇ ನಂಬರಿನ ದಾರದ ಮೊದಲ 30 ಅಡಿಯ ತೂಕ 160 ಗ್ರೇನ್, ಅಂದರೆ ಸುಮಾರು 10 ಗ್ರಾಂ. ರಾಡ್ ಮೇಲಿರುವ ನಂಬರೂ ದಾರದ ನಂಬರೂ ಒಂದೇ ಇರಲಿ.

3. 20 ಅಡಿವರೆಗೆ ತೇಲುದಾರ
ಮಿಡ್ಜ್ ಬೇಟೆಯ ಬಹುಪಾಲು ಕೆಲಸ ಇದರಲ್ಲೇ ಮುಗಿಯುತ್ತದೆ. ಬಣ್ಣ ಎದ್ದು ಕಾಣುವಂಥದ್ದಾದರೆ ಸಣ್ಣ ಕಡಿತವೂ ಕಣ್ಣಿಗೆ ಬೀಳುತ್ತದೆ. ದಾರದ ತುದಿಗೆ ಕಟ್ಟುವ ಸಣ್ಣೆಳೆಯ ಲೀಡರ್, ಬೆಂಡಿಲ್ಲದೆ ಹಿಡಿಯುವುದಾದರೆ, ಆಳಕ್ಕಿಂತ ಕಾಲುಭಾಗ ಹೆಚ್ಚು ಉದ್ದವಿರಲಿ: 12 ಅಡಿ ನೀರಿಗೆ 15 ಅಡಿ. ಬೆಂಡು ಕಟ್ಟುವುದಾದರೆ ಮೀನು ಎಳೆದಾಗ ಸಡಿಲವಾಗಿ ಜಾರುವಂಥದ್ದನ್ನೇ ಕೊಳ್ಳಿ. ಇಲ್ಲವಾದರೆ ಅದು ರಾಡ್ ತುದಿಗೆ ಸಿಕ್ಕಿಕೊಂಡು, ಮೀನು ಬಲೆಗೆ ಎಟುಕದೆ ಆಚೆಯೇ ಒದ್ದಾಡುತ್ತದೆ.

4. ಗಾಳಿ ಬೀಸಿದರೆ ತುದಿ ಮುಳುಗಲಿ
ಗಾಳಿ ತೇಲುದಾರವನ್ನು ಬಿಲ್ಲಿನಂತೆ ಬಾಗಿಸಿ ಹುಳುವನ್ನು ಎಳೆದಾಡಿಸುತ್ತದೆ. ಪ್ಯೂಪಾ ಹಾಗೆ ಓಡುವುದಿಲ್ಲ. ಮೀನಿಗೆ ಮೋಸ ಗೊತ್ತಾಗಿಬಿಡುತ್ತದೆ. ಆಗ ತುದಿಯ ಕೆಲವು ಅಡಿ ಮಾತ್ರ ಮುಳುಗುವ ‘ಮಿಡ್ಜ್ ಟಿಪ್’ ಅಥವಾ ಸೆಕೆಂಡಿಗೆ ಒಂದು, ಒಂದೂವರೆ ಇಂಚು ಇಳಿಯುವ ‘ಇಂಟರ್‌ಮೀಡಿಯೆಟ್’ ದಾರ ಒಳ್ಳೆಯದು. ಬೆರಳುಗಳಲ್ಲಿ ಸುತ್ತಿಕೊಳ್ಳುತ್ತ ಆಮೆಯ ನಡಿಗೆಯಲ್ಲಿ ಎಳೆಯಿರಿ.

5. 20 ಅಡಿಗೂ ಆಳವಿದ್ದರೆ ಮುಳುಗುದಾರ
‘ಟೈಪ್ 6’ ದಾರ ಸೆಕೆಂಡಿಗೆ ಸುಮಾರು 6 ಇಂಚು ಇಳಿಯುತ್ತದೆ. 25 ಅಡಿ ಎಂದರೆ 300 ಇಂಚು. ಮನಸ್ಸಿನಲ್ಲೇ 50 ಎಣಿಸಿ. ಆಳದಷ್ಟೇ ದಾರ ಬಿಟ್ಟರೆ ಅದು ದೋಣಿಯಡಿ ನೆಟ್ಟಗೆ ತೂಗುತ್ತದೆ. ಆಮೇಲೆ ಇಂಚಿಂಚಾಗಿ ಮೇಲೆತ್ತಿದರೆ ಥೇಟ್ ಪ್ಯೂಪಾದ ಏರುನಡಿಗೆ.

6. ಯಾವುದು ಮೊದಲು?
ಹೊಸಬರು ಮೂರನ್ನೂ ಒಟ್ಟಿಗೆ ಕೊಳ್ಳಬೇಕಿಲ್ಲ. ಮೊದಲು ತೇಲುದಾರ, ನಿಮ್ಮ ಸರೋವರದಲ್ಲಿ ಗಾಳಿ ಜಾಸ್ತಿಯೋ ಆಳ ಜಾಸ್ತಿಯೋ ಎಂದು ನೋಡಿಕೊಂಡು ಎರಡನೆಯದು. ಮೀನು ಹಿಡಿಯುವ ಲೈಸೆನ್ಸ್ ಮಾತ್ರ ಮರೆಯಬೇಡಿ.

ದಾರ ಕೊಳೆಯಾದರೆ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಒರೆಸಿ ಒಣಗಿಸಿ. ಸೊಳ್ಳೆ ಮುಲಾಮು ಹಚ್ಚಿಕೊಂಡ ಕೈಯಲ್ಲಿ ಮುಟ್ಟಲೇಬೇಡಿ. ಅದರಲ್ಲಿರುವ ‘ಡೀಟ್’ ದಾರದ ಪ್ಲಾಸ್ಟಿಕ್ ಹೊದಿಕೆಯನ್ನು ತಿನ್ನುತ್ತದೆ. ಕಚ್ಚದ ಹುಳುವಿನ ವೇಷ ಕಟ್ಟಲು ಹೋಗಿ, ಕಚ್ಚುವ ಸೊಳ್ಳೆಯ ದೆಸೆಯಿಂದ ದಾರ ಕಳೆದುಕೊಳ್ಳುವುದು ಬೇಡ.