ಮಕ್ಕಳು ಹಾವು ಸಾಕೋಣ ಎಂದರೆ...

ಬೆಕ್ಕು, ಗಿಳಿ, ಮೀನುಗಳಂತೆ ಹಾವನ್ನೂ ಮನೆಯಲ್ಲಿ ಸಾಕುವ ಹವ್ಯಾಸ ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಹೊಸದೇನಲ್ಲ. ಅಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳು ಗೆಳೆಯರ ಮನೆಯಲ್ಲಿ ಹಾವು ನೋಡಿ ತಮಗೂ ಬೇಕೆಂದು ಹಟ ಹಿಡಿಯುವುದುಂಟು. ಆಗ ಹೆತ್ತವರು ಮೊದಲು ಕೇಳುವುದು, “ಕಚ್ಚುವುದಿಲ್ಲವೇ?” ಎಂದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: “ಮನೆಯಲ್ಲಿ ಪುಟ್ಟ ಮಗು ಇದೆಯೇ?”

ಕಣ್ಣಿಗೆ ಕಾಣದ ಅಪಾಯ

ಹಾವು, ಹಲ್ಲಿ, ಆಮೆ ಮುಂತಾದ ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅದರಿಂದ ಹಾವಿಗೆ ಏನೂ ಆಗುವುದಿಲ್ಲ. ಹೊಳೆಯುವ ಮೈಯ ಆರೋಗ್ಯವಂತ ಹಾವೂ ಅದನ್ನು ಮಲದ ಮೂಲಕ ಹೊರಹಾಕುತ್ತಿರುತ್ತದೆ. ಅಲ್ಲಿಂದ ಹಾವಿನ ಮೈಗೆ, ಗೂಡಿಗೆ, ಮುಟ್ಟಿದವರ ಕೈಗೆ, ಕೊನೆಗೆ ಬಾಯಿಗೆ ತಲುಪುತ್ತದೆ.

ಸೋಂಕು ತಗಲಿದ ಆರು ಗಂಟೆಗಳಿಂದ ಆರು ದಿನಗಳ ಒಳಗೆ ಜ್ವರ, ಭೇದಿ, ಹೊಟ್ಟೆನೋವು ಕಾಣಿಸಿಕೊಳ್ಳುತ್ತವೆ. ಆರೋಗ್ಯವಂತರು ಸಾಮಾನ್ಯವಾಗಿ ಒಂದು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಆದರೆ ಶಿಶುಗಳಲ್ಲಿ ಮತ್ತು ವೃದ್ಧರಲ್ಲಿ ಅದು ರಕ್ತಕ್ಕೆ ಸೇರಿ ಪ್ರಾಣಾಪಾಯ ತರಬಲ್ಲದು. ಮಗು ಹಾವನ್ನು ಮುಟ್ಟಲೇಬೇಕೆಂದಿಲ್ಲ. ಹಾವನ್ನು ಹಿಡಿದ ಅಣ್ಣ ಕೈ ತೊಳೆಯದೆ ತಂಗಿಯನ್ನು ಎತ್ತಿಕೊಂಡರೂ ಸಾಕು. ಇದೇ ಸೋಂಕಿನ ಕಾರಣದಿಂದ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಷೇಧಿಸಿತು.

ಆದ್ದರಿಂದ ಐದು ವರ್ಷದೊಳಗಿನ ಮಕ್ಕಳು, 65 ದಾಟಿದ ಹಿರಿಯರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಅಥವಾ ಅಂಗಾಂಗ ಕಸಿ ಮಾಡಿಸಿಕೊಂಡವರು ಇರುವ ಮನೆಗೆ ಹಾವು ಬೇಡ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಇಲ್ಲಿನ ಯಾವ ಹಾವನ್ನೂ, ವಿಷವಿಲ್ಲದ ಕೇರೆಹಾವನ್ನೂ ಸಹ, ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. ಬಾಲ್ ಪೈಥಾನ್‌ನಂತಹ ವಿದೇಶಿ ಹಾವು ಸಾಕುವವರು 2022ರ ತಿದ್ದುಪಡಿಯ ನಂತರ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಹೊರದೇಶದಲ್ಲಿರುವವರು ಅಲ್ಲಿನ ಕಾನೂನು, ಬಾಡಿಗೆ ಕರಾರು ಎರಡನ್ನೂ ನೋಡಿಕೊಳ್ಳಬೇಕು.

ಆರಂಭಿಸುವವರಿಗೆ

ಹೊಸಬರಿಗೆ ಸಾಮಾನ್ಯವಾಗಿ ಸೂಚಿಸುವ ಹಾವುಗಳು ಎರಡು: ಅಮೆರಿಕದ ಕಾರ್ನ್ ಸ್ನೇಕ್ ಮತ್ತು ಆಫ್ರಿಕಾದ ಬಾಲ್ ಪೈಥಾನ್. ಎರಡಕ್ಕೂ ವಿಷವಿಲ್ಲ, ಮೂರರಿಂದ ಐದು ಅಡಿ ಬೆಳೆಯುತ್ತವೆ. ಕಾಡಿನಿಂದ ಹಿಡಿದದ್ದನ್ನು ಕೊಳ್ಳಬೇಡಿ. ಸಾಕಣೆಯಲ್ಲೇ ಹುಟ್ಟಿದ ಮರಿಯನ್ನೇ ಕೇಳಿ ಪಡೆಯಿರಿ.

ಹಾವು ತಣ್ಣನೆಯ ರಕ್ತದ ಜೀವಿ. ಅದಕ್ಕೆ ಗೂಡಿನ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿರಬೇಕು. ಬಾಲ್ ಪೈಥಾನ್‌ಗೆ ಬೆಚ್ಚಗಿನ ಬದಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ತಂಪು ಬದಿ 26 ಡಿಗ್ರಿ ಇದ್ದರೆ ಸರಿ. ಹೀಟರ್‌ಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಹಾವಿನ ಮೈ ಸುಡುತ್ತದೆ. ಅಡಗಿ ಕೂರಲು ಜಾಗ, ಕುಡಿಯಲು ನೀರು, ಭದ್ರವಾದ ಮುಚ್ಚಳ ಇರಲಿ. ಮರಿಗೆ ವಾರಕ್ಕೊಮ್ಮೆ, ಬೆಳೆದ ಹಾವಿಗೆ ಒಂದೆರಡು ವಾರಕ್ಕೊಮ್ಮೆ ಇಲಿ ಆಹಾರ. ಜೀವಂತ ಇಲಿ ಹಾವನ್ನೇ ಕಚ್ಚಬಹುದು. ಫ್ರೀಜರ್‌ನಲ್ಲಿಟ್ಟ ಸತ್ತ ಇಲಿಯನ್ನು ಮಂಜು ಕರಗಿಸಿ ಕೊಡುತ್ತಾರೆ. ತಿಂದ ನಂತರ ಎರಡು ದಿನ ಹಾವನ್ನು ಎತ್ತಬಾರದು.

ಶುಚಿತ್ವದ ನಿಯಮಗಳು

1. ಹಾವನ್ನೋ ಗೂಡನ್ನೋ ಮುಟ್ಟಿದ ಪ್ರತಿ ಸಲವೂ ಸೋಪು ಹಚ್ಚಿ, ಕನಿಷ್ಠ 20 ಸೆಕೆಂಡ್ ಕೈ ಉಜ್ಜಿ ತೊಳೆಯಿರಿ. ಬರೇ ನೀರಿನಲ್ಲಿ ವುಝೂ ಮಾಡಿದರೆ ಇದಕ್ಕೆ ಸಾಲದು. ಮೊದಲು ಸೋಪು, ನಂತರ ವುಝೂ.

2. ಹಾವಿನ ಬಟ್ಟಲು, ಸಾಮಾನುಗಳನ್ನು ಅಡುಗೆಮನೆಯ ಸಿಂಕ್‌ನಲ್ಲಾಗಲಿ ವುಝೂ ಮಾಡುವ ಬೇಸಿನ್‌ನಲ್ಲಾಗಲಿ ತೊಳೆಯಬೇಡಿ. ಬೇರೆಯೇ ಬಕೆಟ್, ಬ್ರಷ್ ಇಡಿ.

3. ಇಲಿಗಳನ್ನು ಮನೆಯ ಫ್ರಿಜ್‌ನಲ್ಲಿಡಬೇಡಿ, ಮೈಕ್ರೋವೇವ್‌ನಲ್ಲಿ ಕರಗಿಸಬೇಡಿ. ಆ ಕೀಟಾಣು ಇಲಿಯಲ್ಲೂ ಇರುತ್ತದೆ, ಹೆಪ್ಪುಗಟ್ಟಿದರೂ ಸಾಯುವುದಿಲ್ಲ.

4. ಹಾವಿಗೆ ಮುತ್ತಿಡುವುದು, ಅದನ್ನು ಊಟದ ಕೋಣೆಗೆ ತರುವುದು, ಹಾಸಿಗೆಯ ಮೇಲೆ ಬಿಡುವುದು ಬೇಡ.

ಕಚ್ಚಿದರೆ

ವಿಷವಿಲ್ಲದ ಸಾಕುಹಾವು ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪಿನಿಂದ ಚೆನ್ನಾಗಿ ತೊಳೆದು, ಟಿಟಿ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಹೊರಗೆ ಯಾವುದೇ ಗುರುತಿಲ್ಲದ ಹಾವು ಕಚ್ಚಿದರೆ ಗಾಯ ಕೊಯ್ಯದೆ, ಹಗ್ಗ ಬಿಗಿಯದೆ, ಕೈಕಾಲು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ. ಹಳೆಯ ಯುನಾನಿ ಗ್ರಂಥಗಳಲ್ಲಿ ತಿರ್ಯಾಕ್ ಎಂಬ ವಿಷಹಾರಿ ಮದ್ದುಗಳ ವಿವರವಿದೆ. ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ, ಹಾವಿನ ವಿಷಕ್ಕೆ ಅವನ್ನು ನಂಬಿ ಹೊತ್ತು ಕಳೆಯಬೇಡಿ. ಅದಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಆ್ಯಂಟಿವೆನಮ್ ಮಾತ್ರ.

ಕೊನೆಯದಾಗಿ ಒಂದು ಲೆಕ್ಕ. ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುತ್ತದೆ. ಹನ್ನೆರಡರ ಹುಡುಗ ಓದಿಗೆಂದು ಊರು ಬಿಟ್ಟಾಗ ಗೂಡು ತೊಳೆಯುವ ಕೆಲಸ ತಾಯಿಯ ಪಾಲಿಗೆ ಬರುತ್ತದೆ. ಅದನ್ನು ಯಾರು ಮಾಡುತ್ತಾರೆಂದು ಮನೆಯವರೆಲ್ಲ ಕೂತು ಮಾತನಾಡಿ, ಆಮೇಲೆ ನಿರ್ಧರಿಸಿ.