ನನ್ನ ತಮ್ಮನ ಪ್ರಶ್ನೆ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ಹೇಳಿಯೇ ನಮ್ಮಲ್ಲಿ ಮಕ್ಕಳಿಗೆ ಬೆತ್ತದ ಏಟು ಬೀಳುವುದು. ನನ್ನ ತಮ್ಮನಿಗೂ ಹಾಗೆಯೇ ಬಿದ್ದಿತು. ಮೂರನೆಯ ತರಗತಿಯಲ್ಲಿದ್ದ ಅವನು ಐದು ನಿಮಿಷ ಒಂದೆಡೆ ಕುಳಿತಿರಲಾರ. ಲೆಕ್ಕವನ್ನು ಅರ್ಧಕ್ಕೇ ಬಿಡುವನು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವನು. ವಾರಕ್ಕೊಂದು ಪೆನ್ಸಿಲ್ ಕಳೆಯುವನು. ಶಾಲೆಯಲ್ಲಿ ಸೋಮಾರಿ, ಪುಂಡ ಎಂಬ ಹೆಸರಾಯಿತು. ಮನೆಯಲ್ಲಿ ನಾನೂ ಹಾಗೆಂದವನೇ. ಒಂದು ರಾತ್ರಿ ಅವನು, “ಅಣ್ಣಾ, ನಾನು ಕೆಟ್ಟವನೇನೋ?” ಎಂದು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ಆ ಉತ್ತರವನ್ನು ಹುಡುಕಿದುದರ ಫಲವೇ ಈ ಲೇಖನ.

ವೈದ್ಯರು ಇದನ್ನು ಎ.ಡಿ.ಎಚ್.ಡಿ. ಎಂದು ಕರೆಯುತ್ತಾರೆ. ಗಮನದ ಕೊರತೆ ಮತ್ತು ಅತಿಯಾದ ಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಹೇಳಬಹುದು. ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹತೋಟಿಯಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಕುರಿತು ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಅವರು 1902ರಲ್ಲಿಯೇ ಉಪನ್ಯಾಸಗಳನ್ನು ಕೊಟ್ಟಿದ್ದರು. ಈಗಿನ ಹೆಸರು ಬಂದುದು 1987ರಲ್ಲಿ. ಇದು ತಾಯಿತಂದೆಯರ ಮುದ್ದಿನಿಂದ ಬರುವುದಲ್ಲ. ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಬಹುಮಟ್ಟಿಗೆ ವಂಶಪಾರಂಪರ್ಯವಾದುದು.

ಹಾಗೆಂದು ಓಡಾಡುವ ಮಕ್ಕಳಿಗೆಲ್ಲ ಈ ತೊಂದರೆಯಿದೆಯೆಂದು ಭಾವಿಸಬಾರದು. ಲಕ್ಷಣಗಳು 12 ವರ್ಷದೊಳಗೆ ಕಾಣಿಸಿಕೊಂಡು, 6 ತಿಂಗಳಾದರೂ ಉಳಿದು, ಮನೆ ಶಾಲೆಗಳೆರಡರಲ್ಲಿಯೂ ಅಡ್ಡಿಯಾದರೆ ಮಾತ್ರ ತಜ್ಞರು ಹೀಗೆ ನಿರ್ಣಯಿಸುವರು. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತ ಮಗುವಿಗೂ ಇದು ಇರಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಹೀಗೆ ಕಣ್ತಪ್ಪುವುದು ಹೆಚ್ಚು.

ನೆರವು ಬೇಗನೆ ಏಕೆ ಬೇಕು? ದಿನವೂ ಬೈಗುಳ ಕೇಳಿದ ಮಗು ತಾನು ಕೆಟ್ಟವನೆಂದೇ ನಂಬಿಬಿಡುತ್ತದೆ. ಆಮೇಲೆ ಓದಿನ ಆಸೆಯನ್ನೇ ಬಿಡುತ್ತದೆ. 6 ವರ್ಷದೊಳಗಿನವರಾದರೆ ಮೊದಲು ತಾಯಿತಂದೆಯರಿಗೇ ತರಬೇತಿ ಕೊಡುತ್ತಾರೆ. ದೊಡ್ಡ ಮಕ್ಕಳಿಗೆ ಅಗತ್ಯವಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಔಷಧವೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ.

ನನ್ನ ತಮ್ಮನನ್ನೂ ಮನೋವೈದ್ಯರೊಬ್ಬರು ಪರೀಕ್ಷಿಸಿದರು. ಅವರ ಸಲಹೆಯಂತೆ ಹೊಸ ಉಪಾಧ್ಯಾಯಿನಿಯೊಬ್ಬರು ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹತ್ತು ಲೆಕ್ಕಗಳನ್ನು ಎರಡೆರಡಾಗಿ ಕೊಟ್ಟರು. ನಡುವೆ ಸೀಮೆಸುಣ್ಣ ತರಲು ಕಳುಹಿಸಿದರು. ಮುಗಿಸಿದೊಡನೆ ಮೆಚ್ಚುಗೆಯ ಮಾತನ್ನಾಡಿದರು. ಅವನು ಈಗಲೂ ಪೆನ್ಸಿಲ್ ಕಳೆಯುತ್ತಾನೆ. ಆದರೆ ಲೆಕ್ಕಗಳು ಮುಗಿಯುತ್ತವೆ. ಆ ರಾತ್ರಿಯ ಪ್ರಶ್ನೆಯನ್ನು ಅವನು ಮತ್ತೆ ಕೇಳಿಲ್ಲ.

ಮಿತ್ರರೇ, ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು. ಗಿಡವನ್ನು ಬಗ್ಗಿಸಹೊರಡುವ ಮೊದಲು ಅದು ಯಾವ ಗಿಡವೆಂದು ಒಮ್ಮೆ ನೋಡೋಣ.